ಹಸಿರು ಡಬ್ಲೆಟ್, ಕರಿಮರ, ಕುರಿಯ ಚರ್ಮ: ಹಳೆಯ ಸ್ಕಾಟಿಷ್ ಪೈಪರ್ ಉಡುಪನ್ನು ಓದುವ ಬಗೆ

ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಹಸಿರು ಕೋಟು ತೂಗುಹಾಕಿದೆ, ಅದರ ಕೊರಳಿಗೆ 'ವಾಟರ್ಲೂ ಕದನದ ಸ್ಕಾಟಿಷ್ ಪೈಪರ್ ಸಮವಸ್ತ್ರ' ಎಂಬ ಚೀಟಿ ಕಟ್ಟಿದ್ದಾರೆ ಎಂದುಕೊಳ್ಳಿ. ಬೆಲೆ ಕೇಳುವ ಮೊದಲೇ ಅಂಗಡಿಯವನಿಗೆ ಕೈಮುಗಿದು ಮುಂದೆ ನಡೆಯಬಹುದು. ವಾಟರ್ಲೂ ಕದನ ನಡೆದದ್ದು 1815ರಲ್ಲಿ. ಸೊಂಟದ ಕೆಳಗೆ ಅಗಲ ಎಲೆಗಳಂತೆ ಇಳಿಬಿದ್ದ ಪಟ್ಟಿಗಳಿರುವ ಆ ಕೋಟಿಗೆ ಡಬ್ಲೆಟ್ ಎಂದು ಹೆಸರು. ಬ್ರಿಟಿಷ್ ಸೇನೆಯ ಹೈಲ್ಯಾಂಡ್ ದಳಗಳಿಗೆ, ಅಂದರೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನ ದಳಗಳಿಗೆ, ಅದು ಬಂದದ್ದೇ 1855ರ ಸುಮಾರಿಗೆ. ಇನ್ನೊಂದು ತಮಾಷೆ ಏನೆಂದರೆ, ವಾಟರ್ಲೂನಲ್ಲಿ ಸ್ಕಾಟಿಷ್ ದಳಗಳ ಪೈಪರ್‌ಗಳು ಬ್ಯಾಗ್‌ಪೈಪ್ ಎಂಬ ಚರ್ಮದ ಚೀಲದ ಊದುವಾದ್ಯ ನುಡಿಸಿದ್ದು ನಿಜವಾದರೂ, ಸರ್ಕಾರದ ಲೆಕ್ಕದಲ್ಲಿ ಅಂಥ ಹುದ್ದೆಯೇ ಇರಲಿಲ್ಲ.

ಹೈಲ್ಯಾಂಡ್ ದಳಗಳಲ್ಲಿ ಪೈಪರ್ ಹುದ್ದೆಗೆ ಸರ್ಕಾರ ಒಪ್ಪಿಗೆ ಕೊಟ್ಟದ್ದು 1854ರಲ್ಲಿ: ದಳಕ್ಕೊಬ್ಬ ಪೈಪ್ ಮೇಜರ್, ಅವನ ಕೈಕೆಳಗೆ ಐವರು ಪೈಪರ್‌ಗಳು. ಅದಕ್ಕೂ ಮುಂಚಿನ ನೂರು ವರ್ಷ ಪೈಪರ್‌ಗಳ ಹೆಸರನ್ನು ಡ್ರಮ್ ಬಾರಿಸುವವರ ಪಟ್ಟಿಯಲ್ಲಿ ತೂರಿಸುವುದೇ ರೂಢಿ. ಸಂಬಳದ ಮೇಲಿನ ಖರ್ಚು, ಬಟ್ಟೆ, ವಾದ್ಯ, ಬೆಳ್ಳಿಯ ಸಾಮಾನು ಎಲ್ಲವೂ ಅಧಿಕಾರಿಗಳ ಜೇಬಿನಿಂದ. ಹಳ್ಳಿಯ ಗೌಡ ತನ್ನ ಮನೆಯ ಓಲಗದವನಿಗೆ ರುಮಾಲು ಕೊಡಿಸಿದ ಹಾಗೆ. ಹಣ ಕೊಡುವವನು ಅಧಿಕಾರಿಯಾದಾಗ ಬಣ್ಣ, ಕಸೂತಿ, ಪದಕ ಎಲ್ಲ ಅವನ ಇಷ್ಟದಂತೆಯೇ ನಡೆಯಿತು. ಸಾಮಾನ್ಯ ಸೈನಿಕನ ಕೋಟಿಗೆ ಸರ್ಕಾರ ಮೊಹರು ಹಾಕಿದ ಒಂದು ಮಾದರಿ ಇರುತ್ತಿತ್ತು. ಪೈಪರ್‌ನ ಉಡುಪಿಗೆ ಆ ಬಿಗಿ ಇರಲಿಲ್ಲ. ಹಳೆಯ ಪೈಪರ್ ಉಡುಪುಗಳಲ್ಲಿ ಒಂದಕ್ಕೊಂದು ಹೋಲದ ವೈವಿಧ್ಯ ಕಂಡು ಹೊಸಬರು ಗಲಿಬಿಲಿಯಾಗುವುದು ಇದೇ ಕಾರಣಕ್ಕೆ. ಈ ಹಿನ್ನೆಲೆ ಗೊತ್ತಿಲ್ಲದೆ ಆ ಉಡುಪು ಅರ್ಥವಾಗುವುದಿಲ್ಲ.

ಅಧಿಕಾರಿಗಳ ಈ ದಾನದ ಒಂದು ಪ್ರಸಂಗಕ್ಕೆ ನಮ್ಮ ಮೈಸೂರಿನ ನಂಟಿದೆ. 1781ರ ಜುಲೈ 1ರಂದು ತಮಿಳುನಾಡಿನ ಕರಾವಳಿಯ ಪೋರ್ಟೊ ನೋವೊದಲ್ಲಿ, ಅಂದರೆ ಇಂದಿನ ಪರಂಗಿಪೇಟೆಯಲ್ಲಿ, ಹೈದರಾಲಿಯ ಸೇನೆಗೂ ಐರ್ ಕೂಟ್‌ನ ಕಂಪನಿ ಸೇನೆಗೂ ಕದನವಾಯಿತು. ಕೂಟ್‌ನ ಕಡೆ ಮೆಕ್ಲಾಯ್ಡ್ಸ್ ಹೈಲ್ಯಾಂಡರ್ಸ್ ಎಂಬ ದಳವಿತ್ತು. ಆಗ ಅದರ ಸಂಖ್ಯೆ 73, ಮುಂದೆ 71 ಆಯಿತು. ಬ್ಯಾಗ್‌ಪೈಪ್ ಎಂದರೆ ಕೆಲಸಕ್ಕೆ ಬಾರದ ಹಳೇ ಗದ್ದಲ ಎಂದುಕೊಂಡಿದ್ದ ಕೂಟ್, ಗುಂಡಿನ ಮಳೆಯ ನಡುವೆ ಪೈಪರ್ ಜೋರಾಗಿ ಊದುತ್ತಲೇ ಇದ್ದುದನ್ನು ಕಂಡು ಮನಸ್ಸು ಬದಲಿಸಿ, ಬೆಳ್ಳಿಯ ಬ್ಯಾಗ್‌ಪೈಪ್ ಕೊಳ್ಳಲು ದಳಕ್ಕೆ 50 ಪೌಂಡ್ ಕೊಟ್ಟನೆಂದು ಆ ದಳದ ಚರಿತ್ರೆ ಹೇಳುತ್ತದೆ. ಇದೇ ದಳದ ಜಾರ್ಜ್ ಕ್ಲಾರ್ಕ್ ಎಂಬ ಪೈಪರ್ 1808ರಲ್ಲಿ ಪೋರ್ಚುಗಲ್‌ನ ವಿಮೇರೊದಲ್ಲಿ ಗುಂಡು ತಗುಲಿ ಬಿದ್ದ ಮೇಲೂ ಕೂತಲ್ಲೇ ನುಡಿಸಿ ಹೆಸರಾದ. ವಾಟರ್ಲೂನಲ್ಲಿ 79ನೇ ಕ್ಯಾಮರಾನ್ ದಳದ ಕೆನೆತ್ ಮೆಕೇ, ಸೈನಿಕರು ಚೌಕಾಕಾರವಾಗಿ ಒತ್ತಿ ನಿಂತಿದ್ದಾಗ ಆ ಚೌಕದಿಂದ ಹೊರಗೆ ಬಂದು ಸುತ್ತ ನಡೆಯುತ್ತ ನುಡಿಸಿದ. ಇವರಾರೂ ಕಾಗದದ ಮೇಲೆ ಪೈಪರ್‌ಗಳಲ್ಲ.

ಇನ್ನೊಂದು ಕಥೆಯನ್ನು ಇಲ್ಲೇ ತೀರಿಸಿಬಿಡೋಣ. ಬ್ಯಾಗ್‌ಪೈಪನ್ನು ಇಂಗ್ಲಿಷರು ಕಾನೂನು ಮಾಡಿ ನಿಷೇಧಿಸಿದ್ದರು ಎಂದು ಎಲ್ಲೆಲ್ಲೂ ಓದುತ್ತೇವೆ. 1746ರಲ್ಲಿ ಕಲೋಡನ್ ಕದನದಲ್ಲಿ ಸ್ಟುವರ್ಟ್ ರಾಜವಂಶದ ಪರವಾದ ಬಂಡಾಯ ಸೋತ ಮೇಲೆ ಬಂದ ಕಾನೂನು ಆಯುಧಗಳನ್ನೂ ಹೈಲ್ಯಾಂಡ್ ಗಂಡಸರ ಉಡುಪನ್ನೂ ನಿಷೇಧಿಸಿತು. ಅದರಲ್ಲಿ ಬ್ಯಾಗ್‌ಪೈಪಿನ ಹೆಸರಿಲ್ಲ. ಗೊಂದಲ ಹುಟ್ಟಿದ್ದು ಜೇಮ್ಸ್ ರೀಡ್ ಎಂಬ ಬಂಡಾಯಗಾರರ ಕಡೆಯ ಪೈಪರ್‌ನಿಂದ. ತಾನು ಬಂದೂಕು ಹಿಡಿದಿರಲಿಲ್ಲ, ಪೈಪ್ ಮಾತ್ರ ಹಿಡಿದಿದ್ದೆ ಎಂದು ಅವನು ಯಾರ್ಕ್‌ನ ನ್ಯಾಯಾಲಯದಲ್ಲಿ ವಾದಿಸಿದ. ಹೈಲ್ಯಾಂಡ್ ದಳ ಪೈಪರ್ ಇಲ್ಲದೆ ದಂಡೆತ್ತಿ ಹೋಗುವುದಿಲ್ಲ, ಆದ್ದರಿಂದ ಅದೂ ಯುದ್ಧದ ಸಲಕರಣೆಯೇ ಎಂದಿತು ನ್ಯಾಯಾಲಯ. 1746ರ ನವೆಂಬರಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಅದು ಒಬ್ಬನ ಮೊಕದ್ದಮೆಯ ತೀರ್ಪು, ವಾದ್ಯದ ಮೇಲಿನ ನಿಷೇಧವಲ್ಲ.

ಉಡುಪಿನ ನಿಷೇಧ ಮಾತ್ರ 1782ರವರೆಗೂ ನಡೆಯಿತು. ಅದರಿಂದ ವಿನಾಯಿತಿ ಇದ್ದದ್ದು ರಾಜನ ಸೇನೆಗೆ ಸೇರಿದ ಹೈಲ್ಯಾಂಡರ್‌ಗಳಿಗೆ. ಅಂದರೆ ಮೂವತ್ತೈದು ವರ್ಷಗಳ ಕಾಲ ಒಬ್ಬ ಹೈಲ್ಯಾಂಡ್ ಗಂಡಸು ಕಿಲ್ಟ್ ಎಂಬ ನೆರಿಗೆಯ ಲಂಗದಂಥ ಉಡುಪು ಉಟ್ಟು ರಾಜಾರೋಷವಾಗಿ ತಿರುಗಾಡಬೇಕಾದರೆ ಅವನು ಸೈನಿಕನಾಗಬೇಕಿತ್ತು. ತಲೆಮಾರು ಕಳೆಯುವ ಹೊತ್ತಿಗೆ ಹೈಲ್ಯಾಂಡ್ ಉಡುಪು ಎಂದರೆ ಸೇನೆಯ ಉಡುಪು ಎಂದಾಯಿತು. ಇವತ್ತು ಮದುವೆಗೆ ಬಾಡಿಗೆಗೆ ಕರೆಸುವ ಪೈಪರ್ ಕೂಡ ಮೈಮೇಲೆ ಹಾಕಿಕೊಳ್ಳುವುದು ರಾಣಿ ವಿಕ್ಟೋರಿಯಾ ಕಾಲದ ದಂಡಿನ ಬಟ್ಟೆಯನ್ನೇ.

ಈಗ ಆ ಬಟ್ಟೆಯನ್ನು ತಲೆಯಿಂದ ಪಾದದವರೆಗೆ ನೋಡೋಣ.

ತಲೆಯ ಮೇಲೆ ಕರಡಿಯ ಕೂದಲಿನ ಟೋಪಿ ಇದೆ ಎಂದು ಹಲವರು ತಿಳಿಯುತ್ತಾರೆ. ಅದು ಕರಡಿಯಲ್ಲ, ಉಷ್ಟ್ರಪಕ್ಷಿಯ ಕಪ್ಪು ಗರಿ. ಹೆಣೆದ ನೀಲಿ ಟೋಪಿಗೆ ಸೈನಿಕರು ಒಂದೆರಡು ಗರಿ ಸಿಕ್ಕಿಸಿಕೊಳ್ಳುತ್ತ, ಸಿಕ್ಕಿಸಿಕೊಳ್ಳುತ್ತ, ಕೊನೆಗೆ ತಂತಿಯ ಚೌಕಟ್ಟಿನ ಮೇಲೆ ಗರಿಗಳನ್ನೇ ಹೊದಿಸಿದ ಒಂದು ಗೋಪುರ ಎದ್ದಿತು. ಹಾಗಂತ ಎಲ್ಲ ಪೈಪರ್‌ಗಳೂ ಇದನ್ನು ಹಾಕುತ್ತಿರಲಿಲ್ಲ. ಬ್ಲಾಕ್ ವಾಚ್ ದಳದ ಪೈಪರ್‌ಗಳೂ ಸ್ಕಾಟ್ಸ್ ಗಾರ್ಡ್ಸ್ ಪೈಪರ್‌ಗಳೂ ಗರಿಯ ಟೋಪಿಯವರು. ಗಾರ್ಡನ್, ಸೀಫೋರ್ತ್ ಮುಂತಾದ ದಳಗಳ ಪೈಪರ್‌ಗಳಿಗೆ ದೋಣಿಯಾಕಾರದ, ಹಿಂದೆ ಎರಡು ರಿಬ್ಬನ್ ಜೋಲುವ ಗ್ಲೆನ್‌ಗ್ಯಾರಿ ಟೋಪಿ. ಗಾರ್ಡನ್ ಪೈಪರ್‌ನದೆಂದು ಹೇಳಿ ಗರಿಯ ಟೋಪಿ ತೋರಿಸಿದರೆ ಅನುಮಾನಪಡಬೇಕು. ಅದು ಅದೇ ದಳದ ಬೇರೆ ಸೈನಿಕನದಿರಬಹುದು.

ಡಬ್ಲೆಟ್‌ನಲ್ಲಿ ಮುಖ್ಯವಾದದ್ದು ಬಣ್ಣ. ಹೈಲ್ಯಾಂಡ್ ದಳದ ಸಾಮಾನ್ಯ ಸೈನಿಕನದು ಕೆಂಪು. ಪೈಪರ್‌ನದು ಬಹುತೇಕ ದಳಗಳಲ್ಲಿ ಕಡು ಹಸಿರು. ಹೆಗಲ ಮೇಲೆ ಪುಟ್ಟ ರೆಕ್ಕೆಗಳಂಥ ಪಟ್ಟಿ, ಮುಂಗೈ ಮೇಲೆ ಅಗಲವಾದ ಮಡಿಕೆ. ಹೆಗಲಿನಿಂದ ಬೆನ್ನಿಗೆ ಇಳಿಯುವ ಉಣ್ಣೆಯ ಹೊದಿಕೆ ಪ್ಲೇಡ್. ನಮ್ಮ ಹೆಂಗಸರ ಸೆರಗಿನಂತೆ ಎಡಭುಜಕ್ಕೆ ಬಂದು ನಿಲ್ಲುವ ಅದನ್ನು ಹಿಡಿದಿಡುವುದು ಅಂಗೈ ಅಗಲದ ಒಂದು ದುಂಡನೆ ಬ್ರೋಚ್. ಹಳೆಯ ಬ್ರೋಚ್‌ಗಳಲ್ಲಿ ನಡುವೆ ಹೊಗೆಬಣ್ಣದ ಅಥವಾ ಜೇನುಬಣ್ಣದ ಕೇರ್ನ್‌ಗಾರ್ಮ್ ಕಲ್ಲು ಕೂರಿಸಿರುತ್ತಾರೆ.

ಕಿಲ್ಟ್ ಬಗ್ಗೆ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ಸೀರೆಯ ನೆರಿಗೆ ಕಂಡವರಿಗೆ ಇದು ಬೇಗ ಹತ್ತುತ್ತದೆ. ಮುಂಭಾಗ ಚಪ್ಪಟೆ, ಹಿಂಭಾಗವೆಲ್ಲ ನೆರಿಗೆ. ಹಳೆಯ ಸೇನಾ ಕಿಲ್ಟ್‌ಗಳಲ್ಲಿ ನೆರಿಗೆ ಅಗಲವಾಗಿ, ಎರಡೂ ಕಡೆ ಮಡಚಿದ ಪೆಟ್ಟಿಗೆಯ ಹಾಗಿತ್ತು. ಅದಕ್ಕೆ ನಾಲ್ಕು ಗಜದಷ್ಟು ಬಟ್ಟೆ ಸಾಕು. 1853ರಲ್ಲಿ ಗಾರ್ಡನ್ ದಳ ಒಂದೇ ದಿಕ್ಕಿಗೆ ಮಡಚುವ ಸಣ್ಣ ನೆರಿಗೆಗೆ ಬಂತು. ಮುಂದೆ ಉಳಿದವರೂ ಹಾಗೇ ಮಾಡಿ, ಬಟ್ಟೆ ಏಳೆಂಟು ಗಜಕ್ಕೆ ಏರಿತು, ತೂಕವೂ ಏರಿತು. ನೆರಿಗೆ ಹಾಕುವುದರಲ್ಲಿ ಇನ್ನೊಂದು ಗುಟ್ಟಿದೆ. ಟಾರ್ಟನ್ ಎಂಬ ಬಣ್ಣದ ಗೆರೆಗಳ ಉಣ್ಣೆಬಟ್ಟೆಯ ಚೌಕುಳಿ ಕೆಡದಂತೆ, ನೆರಿಗೆಯ ಮೇಲೂ ಅದೇ ವಿನ್ಯಾಸ ಕೂಡಿಬರುವಂತೆ ಮಡಚುವುದು ಒಂದು ಬಗೆ. ಪ್ರತಿ ನೆರಿಗೆಯ ನಡುವೆಯೂ ಒಂದೇ ಬಣ್ಣದ ಗೆರೆ ಬರುವಂತೆ ಮಡಚುವುದು ಇನ್ನೊಂದು. ಸೇನೆಗೆ ಎರಡನೆಯದೇ ಪ್ರೀತಿ: ನಿಂತಾಗ ಹಿಂದೆ ಸಾಲುಸಾಲು ಗೆರೆ ಮಾತ್ರ, ನಡೆದಾಗ ನೆರಿಗೆ ಬಿಚ್ಚಿಕೊಂಡು ಒಳಗಿನ ಬಣ್ಣ ಮಿಂಚಿ ಮಾಯ. ಗಾರ್ಡನ್‌ನವರದು ಹಳದಿ ಗೆರೆ.

ಟಾರ್ಟನ್ ವಿಷಯದಲ್ಲೂ ಪೈಪರ್ ಬೇರೆ. ಬ್ಲಾಕ್ ವಾಚ್ ಸೈನಿಕನ ಕಿಲ್ಟ್ ಕಡು ಹಸಿರು, ಕಡು ನೀಲಿಯ ಸರ್ಕಾರಿ ಟಾರ್ಟನ್. ಅದೇ ದಳದ ಪೈಪರ್ ಉಡುವುದು ಕೆಂಪು ಹೊಳೆಯುವ ರಾಯಲ್ ಸ್ಟುವರ್ಟ್. ಹಳೆಯ ಸೇನಾ ಟಾರ್ಟನ್‌ನ ದೊಡ್ಡ ಪಾಲು ನೇಯ್ದದ್ದು ಬ್ಯಾನಕ್‌ಬರ್ನ್ ಊರಿನ ವಿಲ್ಸನ್ಸ್ ಮಗ್ಗಗಳಲ್ಲಿ. ಬಣ್ಣ ನೋಡಿಯೇ ಕಾಲ ಹೇಳುತ್ತೇನೆ ಎನ್ನುವವರ ಮಾತನ್ನು ಅರ್ಧ ನಂಬಿ. ವಿಲಿಯಂ ಪರ್ಕಿನ್ 1856ರಲ್ಲಿ ಮೊದಲ ಕೃತಕ ಬಣ್ಣ ಕಂಡುಹಿಡಿಯುವವರೆಗೂ ಎಲ್ಲವೂ ಗಿಡ, ಬೇರು, ಕೀಟದ ಬಣ್ಣ. ಹಾಗಾಗಿ ಕೃತಕ ಬಣ್ಣ ಪತ್ತೆಯಾದ ಬಟ್ಟೆ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಆದರೆ ಅದನ್ನು ಖಚಿತವಾಗಿ ಹೇಳಬಲ್ಲದ್ದು ಪ್ರಯೋಗಾಲಯ, ಕಣ್ಣಲ್ಲ.

ಕಿಲ್ಟ್‌ಗೆ ಜೇಬಿಲ್ಲ. ಅದಕ್ಕೇ ಸೊಂಟದ ಮುಂದೆ ಸ್ಪೋರನ್ ಎಂಬ ಸಂಚಿ. ಅಜ್ಜಿಯರ ಎಲೆಯಡಿಕೆ ಸಂಚಿಯ ಕೆಲಸವೇ ಅದಕ್ಕೂ. ಸೇನೆಯ ಕೈಗೆ ಸಿಕ್ಕ ಮೇಲೆ ಅದು ಮೊಣಕಾಲವರೆಗೆ ಕುದುರೆಕೂದಲು ಇಳಿಬಿಟ್ಟು, ಕುಚ್ಚು ಕಟ್ಟಿ, ಸಂಚಿಯ ಬಾಯಿ ಎಲ್ಲಿದೆ ಎಂದು ಹುಡುಕುವ ಹಾಗಾಯಿತು. ಚೌಕುಳಿ ಕಾಲುಚೀಲ, ಬೂಟಿನ ಮೇಲೆ ಸ್ಪ್ಯಾಟ್ ಎಂಬ ಬಿಳಿ ಬಟ್ಟೆಯ ಹೊದಿಕೆ, ಸೊಂಟದಲ್ಲಿ ಡರ್ಕ್ ಎಂಬ ಉದ್ದ ಚೂರಿ. ಡರ್ಕ್‌ನ ಒರೆಯಲ್ಲೇ ಪುಟ್ಟ ಚಾಕು, ಮುಳ್ಳುಚಮಚಕ್ಕೂ ಜಾಗವಿರುತ್ತದೆ.

ಹಳೆಯ ಉಡುಪಿನ ಕಾಲ ಹೇಳುವುದರಲ್ಲಿ ಈ ಭಾರೀ ಸಾಮಾನಿಗಿಂತ ಒಂದು ಗುಂಡಿ ಹೆಚ್ಚು ಪ್ರಾಮಾಣಿಕ. 1881ರ ಜುಲೈ 1ರಂದು ಬ್ರಿಟಿಷ್ ಸೇನೆ ದಳಗಳ ಸಂಖ್ಯೆ ತೆಗೆದು ಹೆಸರುಗಳನ್ನು ಇಟ್ಟಿತು. ಗುಂಡಿಯ ಮೇಲೆ 79 ಅಥವಾ 92 ಎಂದಿದ್ದರೆ ಅದು ಆ ದಿನಕ್ಕಿಂತ ಹಿಂದಿನದು. ಪದಕದ ಮೇಲಿನ ಕಿರೀಟವನ್ನೂ ನೋಡಿ. ವಿಕ್ಟೋರಿಯಾ ಕಾಲದ ಕಿರೀಟದ ಕಮಾನುಗಳು ನಡುವೆ ತಗ್ಗುತ್ತವೆ. 1901ರಿಂದ 1952ರವರೆಗಿನ ರಾಜರ ಕಿರೀಟದ ಕಮಾನು ಗುಮ್ಮಟದಂತೆ ಉಬ್ಬಿರುತ್ತದೆ. ಎಲಿಜಬೆತ್ ರಾಣಿಯ ಕಾಲದಲ್ಲಿ ಮತ್ತೆ ತಗ್ಗು ಬಂತು. ಉಡುಪು ತೊಡಿಸಿ ನಿಲ್ಲಿಸಿದ ಒಂದೇ ಗೊಂಬೆಯ ಮೇಲೆ ಉಬ್ಬಿದ ಕಿರೀಟದ ಪದಕ, ಸಂಖ್ಯೆಯ ಗುಂಡಿ, 1950ರ ದಶಕದ ಸ್ಪ್ಯಾಟ್ ಮೂರೂ ಇರುವುದು ಅಪರೂಪವಲ್ಲ. ಮೋಸವೇ ಆಗಬೇಕೆಂದಿಲ್ಲ: ದಳದ ಉಗ್ರಾಣದಲ್ಲಿ ಒಳ್ಳೆಯ ಸಾಮಾನನ್ನು ಯಾರೂ ಎಸೆಯುತ್ತಿರಲಿಲ್ಲ, ಹಳಬನ ಬ್ರೋಚ್ ಹೊಸಬನ ಹೆಗಲೇರುತ್ತಿತ್ತು.

ಉಣ್ಣೆಗೆ ನುಸಿ ಶತ್ರು, ಗರಿಗೆ ಬೆಳಕು ಶತ್ರು. ಹಳೆಯ ಡಬ್ಲೆಟ್ ತೆರೆದಾಗ ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯುವುದು ಅಟ್ಟದ ಮೇಲಿನ ಟ್ರಂಕು ತೆಗೆದ ಯಾರಿಗೂ ಹೊಸದೇನಲ್ಲ.

ಇನ್ನು ವಾದ್ಯ. ಬಟ್ಟೆ ಗಾಜಿನ ಪೆಟ್ಟಿಗೆ ಸೇರಿ ಸುಮ್ಮನಾಗುತ್ತದೆ, ಬ್ಯಾಗ್‌ಪೈಪ್ ಹಾಗಲ್ಲ. ನೂರು ವರ್ಷ ದಾಟಿದ ಪೈಪ್‌ಗಳನ್ನು ಇವತ್ತಿಗೂ ಸ್ಪರ್ಧೆಯಲ್ಲಿ ನುಡಿಸುತ್ತಾರೆ, ಹೊಸದಕ್ಕಿಂತ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಾರೆ.

ಅದರ ಕೆಲಸ ನಮಗೆ ಅಪರಿಚಿತವೇನಲ್ಲ. ಕಮ್ಮಾರನ ತಿದಿಯನ್ನೂ ನಾಗಸ್ವರವನ್ನೂ ಶ್ರುತಿಯನ್ನೂ ಒಟ್ಟಿಗೆ ಕಟ್ಟಿ ಒಬ್ಬನ ಕಂಕುಳಿಗೆ ಕೊಟ್ಟರೆ ಬ್ಯಾಗ್‌ಪೈಪ್ ಆಯಿತು. ಚರ್ಮದ ಚೀಲಕ್ಕೆ ಬಾಯಿಂದ ಗಾಳಿ ತುಂಬುತ್ತಾನೆ. ಉಸಿರೆಳೆದುಕೊಳ್ಳುವಾಗ ಚೀಲವನ್ನು ಮೊಣಕೈಯಿಂದ ಒತ್ತುತ್ತಾನೆ. ಹಾಗಾಗಿ ನಾದ ಕಡಿಯುವುದಿಲ್ಲ. ಬೆರಳಾಡುವ ಕೊಳವೆ ಚಾಂಟರ್. ಅದರೊಳಗೆ ನಾಗಸ್ವರದಲ್ಲಿರುವಂತೆ ಎರಡು ಸೀಳಿನ ರೀಡ್. ಸ್ವರಗಳು ಒಂಬತ್ತೇ. ಹೆಗಲ ಮೇಲೆ ನಿಲ್ಲುವ ಮೂರು ಕೊಳವೆಗಳು ಡ್ರೋನ್ (ಹಾರುವ ಡ್ರೋನ್‌ಗಿಂತ ಬಹಳ ಹಳೆಯ ಡ್ರೋನ್). ಚಾಂಟರಿನ ಆಧಾರ ಷಡ್ಜಕ್ಕೆ ಎರಡು ಡ್ರೋನ್‌ಗಳು ಒಂದು ಸ್ಥಾಯಿ ಕೆಳಗೆ, ಉದ್ದನೆಯದು ಎರಡು ಸ್ಥಾಯಿ ಕೆಳಗೆ ಒಂದೇ ಸಮನೆ ಮೊರೆಯುತ್ತವೆ. ಒಂದು ಕಷ್ಟವಿದೆ: ಈ ವಾದ್ಯದಲ್ಲಿ ಮೌನವೂ ಇಲ್ಲ, ಮೆಲುದನಿಯೂ ಇಲ್ಲ. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ನಡುವೆ ಬಿಡುವು ಕೊಡಲಾಗದು. ಬೇರೊಂದು ಸ್ವರವನ್ನು ಕ್ಷಣಮಾತ್ರ ಚಿಮ್ಮಿಸಿ ಎರಡನ್ನೂ ಬೇರ್ಪಡಿಸಬೇಕು. ಕೇಳುವವರಿಗೆ ಅಲಂಕಾರದಂತೆ ಕಾಣುವ ಆ ಚಿಮ್ಮುಗಳಿಲ್ಲದಿದ್ದರೆ ರಾಗವೇ ಕಲಸಿಹೋಗುತ್ತದೆ.

ಹೈಲ್ಯಾಂಡಿನ ವಾದ್ಯ ಎನ್ನುತ್ತೇವಲ್ಲ, ಅದು ಯಾವುದರಿಂದ ಆಗಿದೆ ನೋಡಿ. ಮೊದಮೊದಲು ಊರಿನಲ್ಲೇ ಸಿಗುವ ಮರಗಳಿದ್ದವು. ಹತ್ತೊಂಬತ್ತನೇ ಶತಮಾನದ ಒಳ್ಳೆಯ ಪೈಪ್‌ಗಳು ಕೋಕಸ್ ಎಂಬ ಕೆರಿಬಿಯನ್ ಮರದವು, ಜಮೈಕಾ, ಕ್ಯೂಬಾ ಕಡೆಯಿಂದ ಹಡಗಿನಲ್ಲಿ ಬಂದದ್ದು, ಇಲ್ಲವೇ ಎಬೊನಿ. ಆಮೇಲೆ ಪೂರ್ವ ಆಫ್ರಿಕಾದ ಕರಿಮರ ಎಲ್ಲವನ್ನೂ ಹಿಂದಿಕ್ಕಿತು; ನಮ್ಮ ಬೀಟೆಯ ಕುಲಕ್ಕೇ ಸೇರಿದ, ನೀರಿಗೆ ಹಾಕಿದರೆ ಮುಳುಗುವಷ್ಟು ಭಾರದ ಮರ. ಕೀಲುಗಳ ಮೇಲಿನ ಬಿಳಿ ಬಳೆಗಳು ಆನೆಯ ದಂತ. ರೀಡ್ ಮೆಡಿಟರೇನಿಯನ್ ಕಡೆಯ ಜೊಂಡು. ಟೋಪಿಯ ಗರಿ ಆಫ್ರಿಕಾದ ಹಕ್ಕಿಯದು, ಕೆಂಪು ಬಣ್ಣ ಮೆಕ್ಸಿಕೋದ ಕೀಟದ್ದು. ಸ್ಕಾಟ್ಲೆಂಡಿನದೆಂದು ಉಳಿದದ್ದು ಕುರಿಯ ಚರ್ಮ, ಸ್ವಲ್ಪ ಉಣ್ಣೆ, ಊದುವವನ ಉಸಿರು ಮತ್ತು ಕಡೆದವನ ಕೈ. ಆ ಕೈ ಸಾಮಾನ್ಯದ್ದಲ್ಲ ಅನ್ನಿ. ಎಡಿನ್‌ಬರೋದ ಗ್ಲೆನ್ ಮನೆತನ, ಅಬರ್‌ಫೆಲ್ಡಿಯ ಡಂಕನ್ ಮೆಕ್‌ಡೂಗಲ್, ಗ್ಲಾಸ್ಗೋದ ಪೀಟರ್ ಹೆಂಡರ್ಸನ್ ಮತ್ತು ಆರ್. ಜಿ. ಲಾರಿ ಕಡೆದ ಡ್ರೋನ್‌ಗಳ ಮೊರೆತಕ್ಕೆ ಇಂದಿನ ಪೈಪರ್‌ಗಳೂ ಮನಸೋಲುತ್ತಾರೆ. ಚಾಂಟರ್ ಮಾತ್ರ ಹೊಸದು ಹಾಕಿಕೊಳ್ಳುತ್ತಾರೆ. ಕಾಲ ಕಳೆದಂತೆ ಬ್ಯಾಂಡ್‌ಗಳ ಶ್ರುತಿ ಏರುತ್ತ ಬಂದು ಆಧಾರ ಸ್ವರ ಈಗ 480 ಹರ್ಟ್ಸ್ ಹತ್ತಿರ ನಿಂತಿದೆ, ಹಳೆಯ ಚಾಂಟರ್ ಅದಕ್ಕಿಂತ ಕೆಳಗೇ ಉಳಿಯುತ್ತದೆ.

ದಂತವೋ ಅಲ್ಲವೋ ಎಂದು ತಿಳಿಯಲು ಭೂತಗನ್ನಡಿ ಹಿಡಿದು ಬಳೆಯ ತುದಿಯನ್ನು ನೋಡುತ್ತಾರೆ. ನಿಜವಾದ ಆನೆದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ನವಿರಾದ ಗೆರೆಗಳ ಜಾಲ ಕಾಣುತ್ತದೆ. ಸೆಲ್ಯುಲಾಯ್ಡ್ ನಕಲಿಯಲ್ಲಿ ಗೆರೆಗಳು ಸಾಲಾಗಿ, ಅತಿ ನೇರವಾಗಿ ಓಡುತ್ತವೆ. ಉಜ್ಜಿದರೆ ಕರ್ಪೂರದ ವಾಸನೆ. ಬೆಂಕಿಯ ಹತ್ತಿರ ಒಯ್ಯಬೇಡಿ, ಭಗ್ಗೆಂದು ಹತ್ತಿಕೊಳ್ಳುತ್ತದೆ. ಬಳೆ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿದ್ದರೆ ಅದು ಇಪ್ಪತ್ತನೇ ಶತಮಾನದ ಕ್ಯಾಟಲಿನ್ ಪ್ಲಾಸ್ಟಿಕ್ ಇರಬಹುದು. ದಂತವಿದ್ದರೆ ಕಾನೂನೂ ಜೊತೆಗೆ ಬರುತ್ತದೆ. ಬ್ರಿಟನ್ನಿನ 2018ರ ದಂತ ಕಾಯ್ದೆ 2022ರ ಜೂನ್‌ನಲ್ಲಿ ಜಾರಿಯಾಯಿತು. 1975ಕ್ಕಿಂತ ಹಿಂದಿನ ವಾದ್ಯವಾಗಿ, ದಂತದ ಪಾಲು ಶೇ 20ಕ್ಕಿಂತ ಕಡಿಮೆ ಇದ್ದರೆ ನೋಂದಣಿ ಮಾಡಿಸಿ ಮಾರಬಹುದು. ಭಾರತದಲ್ಲಂತೂ ದಂತದ ವ್ಯಾಪಾರಕ್ಕೆ ಅವಕಾಶವಿಲ್ಲ.

ಬೆಳ್ಳಿಯ ಬಳೆ ಇದ್ದರೆ ಕೆಲಸ ಹಗುರ. ಎಡಿನ್‌ಬರೋದಲ್ಲಿ ಪರೀಕ್ಷೆಯಾದ ಬೆಳ್ಳಿಯ ಮೇಲೆ ಮೂರು ಗೋಪುರದ ಕೋಟೆಯ ಗುರುತಿರುತ್ತದೆ. ಜೊತೆಗೆ ಮುಳ್ಳುಹೂವಿನ ಗುರುತಿದ್ದರೆ 1759 ಮತ್ತು 1975ರ ನಡುವಿನದು. ರಾಜನದೋ ರಾಣಿಯದೋ ತಲೆ ಇದ್ದರೆ ಸುಂಕ ಕಟ್ಟಿದ್ದರ ಗುರುತು. ಅದು 1890ಕ್ಕೆ ನಿಂತುಹೋಯಿತು. ವರ್ಷಕ್ಕೊಂದರಂತೆ ಬದಲಾಗುವ ಅಕ್ಷರ ಉಳಿದ ಲೆಕ್ಕ ಹೇಳುತ್ತದೆ. ಆದರೆ ಬೆಳ್ಳಿಯ ವಯಸ್ಸು ಬೆಳ್ಳಿಯದಷ್ಟೇ. ಹಳೇ ಮರಕ್ಕೆ ಹೊಸ ಬೆಳ್ಳಿ ತೊಡಿಸಿದ್ದೂ ಉಂಟು, ತಿರುಗಾಮುರುಗಾ ಆದದ್ದೂ ಉಂಟು.

ಕೊಳ್ಳುವವರು ಎಡವುವುದು ಹೆಚ್ಚಾಗಿ ಸಿಯಾಲ್‌ಕೋಟ್ ಪೈಪ್‌ಗಳಲ್ಲಿ. ಈಗ ಪಾಕಿಸ್ತಾನದಲ್ಲಿರುವ ಆ ಊರು ದಂಡಿನ ವಾದ್ಯಗಳನ್ನು ಮಾಡುವುದರಲ್ಲಿ ಪಳಗಿದ್ದು, ಶೀಶಂ ಮರಕ್ಕೆ ಕಪ್ಪು ಬಣ್ಣ ಹಚ್ಚಿದ ಪೈಪ್‌ಗಳು ಅಲ್ಲಿಂದ ಲೋಕಕ್ಕೆಲ್ಲ ಹೋಗುತ್ತವೆ. ಸ್ಕಾಟಿಷ್ ದಳಗಳು ಭಾರತದಲ್ಲಿ ಬಿಟ್ಟುಹೋದ ಹುಚ್ಚು ಇದು. ದೆಹಲಿಯಲ್ಲಿ ಜನವರಿ 29ರ ಬೀಟಿಂಗ್ ರಿಟ್ರೀಟ್‌ನಲ್ಲಿ ನಮ್ಮ ಸೇನೆಯ ಪೈಪರ್‌ಗಳು ಸಾಲಾಗಿ ಬರುವುದನ್ನು ನೋಡಿದವರಿಗೆ ಗೊತ್ತು. ಗಢವಾಲದ ಮದುವೆಗಳಲ್ಲಿ ಅದೇ ವಾದ್ಯ ಮಶಕ್‌ಬೀನ್ ಆಗಿ ಮನೆಮಗಳಂತೆ ಸೇರಿಕೊಂಡಿದೆ. ಸಿಯಾಲ್‌ಕೋಟಿನದು ಕೀಳೆಂದಲ್ಲ, ಅದನ್ನು ಹಳೆಯ ಗ್ಲಾಸ್ಗೋ ಪೈಪ್ ಎಂದು ಮಾರಿದರೆ ತಪ್ಪು. ಇನ್ನೊಂದು ಎಚ್ಚರಿಕೆ: ಹಳೇ ಚೀಲಕ್ಕೆ ಬಾಯಿಟ್ಟು ಊದಬೇಡಿ. ಒಳಗಿನ ತೇವದಲ್ಲಿ ಬೆಳೆದ ಬೂಷ್ಟಿನಿಂದ ಶ್ವಾಸಕೋಶ ಕೆಟ್ಟು ಪೈಪರ್ ಒಬ್ಬರು ತೀರಿಕೊಂಡ ಪ್ರಕರಣವನ್ನು ಇಂಗ್ಲೆಂಡಿನ ವೈದ್ಯರು 2016ರಲ್ಲಿ ದಾಖಲಿಸಿದ್ದಾರೆ.

ಈ ಬಣ್ಣದ ಉಡುಪಿನ ದಿನಗಳು 1914ರಲ್ಲಿ ಬಹುಮಟ್ಟಿಗೆ ಮುಗಿದವು. ಕೆಸರಿನ ಯುದ್ಧಕ್ಕೆ ಹೋದವರು ಕಿಲ್ಟ್ ಮೇಲೆ ಖಾಕಿ ಹೊದಿಕೆ ಕಟ್ಟಿಕೊಂಡರು. ಪೈಪರ್‌ಗಳು ಮಾತ್ರ ಕಂದಕ ಹತ್ತಿ ನುಡಿಸುತ್ತಲೇ ಇದ್ದರು. ಅವರಲ್ಲಿ ಒಬ್ಬ ಜೇಮ್ಸ್ ರಿಚರ್ಡ್ಸನ್, ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋದ ಹುಡುಗ, ವಯಸ್ಸು 20. 1916ರ ಅಕ್ಟೋಬರ್ 8ರಂದು ಫ್ರಾನ್ಸಿನ ಸೋಮ್‌ನಲ್ಲಿ, ರೆಜೀನಾ ಕಂದಕದ ಮುಂದೆ ಅವನ ತಂಡ ಮುಳ್ಳುತಂತಿಗೆ ಸಿಕ್ಕಿ ನಿಂತಿತು. ಅವನು ತಂತಿಯ ಎದುರು ಅತ್ತಿಂದಿತ್ತ ನಡೆಯುತ್ತ ಹತ್ತು ನಿಮಿಷ ನುಡಿಸಿದ. ತಂಡ ಎದ್ದು ನುಗ್ಗಿತು. ಆಮೇಲೆ ಗಾಯಾಳು ಜೊತೆಗಾರನನ್ನೂ ಕೈದಿಗಳನ್ನೂ ಹಿಂದಕ್ಕೆ ಕರೆದೊಯ್ಯುವಾಗ ಪೈಪ್ ಬಿಟ್ಟುಬಂದದ್ದು ನೆನಪಾಗಿ, ಬೇಡವೆಂದರೂ ಕೇಳದೆ ತಿರುಗಿ ಹೋದ. ಮತ್ತೆ ಕಾಣಲಿಲ್ಲ. ಸತ್ತ ಮೇಲೆ ವಿಕ್ಟೋರಿಯಾ ಕ್ರಾಸ್ ಬಂತು. ಪೈಪ್ ಕೆಸರಿನಲ್ಲಿ ಹೂತುಹೋಯಿತೆಂದೇ ಎಲ್ಲರೂ ತಿಳಿದರು.

ಅದು ಹೂತುಹೋಗಿರಲಿಲ್ಲ. 1917ರಲ್ಲಿ ಸೇನೆಯ ಪಾದ್ರಿಯೊಬ್ಬರಿಗೆ ಮುರಿದ, ಕೆಸರು ರಕ್ತ ಮೆತ್ತಿದ ಒಂದು ಬ್ಯಾಗ್‌ಪೈಪ್ ಸಿಕ್ಕಿತು. ಯಾರದೆಂದು ತಿಳಿಯದೆ ಅದನ್ನು ಸ್ಕಾಟ್ಲೆಂಡಿನ ಕ್ರೀಫ್ ಊರಿನ ಆರ್ಡ್‌ವ್ರೆಕ್ ಶಾಲೆಗೆ ಒಯ್ದರು. ದಶಕಗಟ್ಟಲೆ ಅದು ಅಲ್ಲೇ ಇತ್ತು. ಮರದ ಮೇಲೆ ಅವನ ಹೆಸರಿರಲಿಲ್ಲ. ಚೀಲಕ್ಕೆ ಅಂಟಿಕೊಂಡು ಉಳಿದಿದ್ದ ಟಾರ್ಟನ್ ಬಟ್ಟೆಯ ಚೌಕುಳಿಯನ್ನು ಗುರುತಿಸಲು ಹೊರಟವರಿಗೆ ಅದು ಲೆನಾಕ್ಸ್ ಟಾರ್ಟನ್ ಎಂದು ಗೊತ್ತಾಯಿತು. ಸ್ಕಾಟ್ಲೆಂಡಿನ ದಳಗಳ ನಡುವೆ ಹುಡುಕಿದರೆ ಸಿಗದ ಆ ಟಾರ್ಟನ್ನನ್ನು ಉಡುತ್ತಿದ್ದವರು ಕೆನಡಿಯನ್ ಸ್ಕಾಟಿಷ್‌ನ 16ನೇ ಬೆಟಾಲಿಯನ್ನಿನ ಪೈಪರ್‌ಗಳು, ರಿಚರ್ಡ್ಸನ್‌ನ ತಂಡ. 2006ರಲ್ಲಿ ಅದು ಅಟ್ಲಾಂಟಿಕ್ ದಾಟಿ ಕೆನಡಾಕ್ಕೆ ಹೋಯಿತು. ಈಗ ಬ್ರಿಟಿಷ್ ಕೊಲಂಬಿಯಾದ ರಾಜಧಾನಿ ವಿಕ್ಟೋರಿಯಾದ ಶಾಸನಸಭೆಯ ಕಟ್ಟಡದಲ್ಲಿದೆ.